ಹದಿಹರೆಯ ದಾಟುವ ಹೊತ್ತು

(ಸಂಘದ ಯುವಜನ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕನ್ನಡದ ಎಣಿಕೆಯಲ್ಲೊಂದು ಸ್ವಾರಸ್ಯವಿದೆ. ಹದಿಮೂರರಿಂದ ಮೊದಲಾಗುವ ‘ಹದಿ’ ಹದಿನೆಂಟಕ್ಕೆ ಮುಗಿಯುತ್ತದೆ, ಮುಂದಿನದು ಹತ್ತೊಂಬತ್ತು. ಕಾಕತಾಳೀಯವೇ ಇರಬಹುದು, ನಮ್ಮ ಕಾನೂನು ಕೂಡ ಗಡಿಯನ್ನು ಅಲ್ಲಿಯೇ ಎಳೆದಿದೆ. 18 ವರ್ಷ ತುಂಬಿದವರನ್ನು 1875ರ ಕಾಯಿದೆಯೇ ಸಾಮಾನ್ಯವಾಗಿ ಪ್ರಾಪ್ತವಯಸ್ಕರೆಂದು ಒಪ್ಪಿತ್ತು. ಆದರೆ ಸ್ವತಂತ್ರ ಭಾರತದಲ್ಲಿ ಮತ ಹಾಕಲು 21ರವರೆಗೆ ಕಾಯಬೇಕಿತ್ತು; ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆಯೇ ಆ ಹಕ್ಕು 18ಕ್ಕೆ ಇಳಿಯಿತು. ಇಂದಿಗೂ ಗಂಡಿನ ವಿವಾಹಕ್ಕೆ 21, ಲೋಕಸಭೆಗೆ ಸ್ಪರ್ಧಿಸಲು 25 ತುಂಬಬೇಕು. ಒಬ್ಬ ವ್ಯಕ್ತಿ ಯಾವಾಗ ದೊಡ್ಡವನಾದನೆಂದು ರಾಷ್ಟ್ರವೇ ಒಂದು ಮಾತಿನಲ್ಲಿ ಹೇಳಲಾರದಿರುವಾಗ, ನಿಮ್ಮ ಮನಸ್ಸು ಎರಡಾಗುವುದರಲ್ಲಿ ಆಶ್ಚರ್ಯವೇನಿದೆ?

ನಿನ್ನೆಯವರೆಗೆ ‘ಬಾರೋ’, ‘ಬಾರೇ’ ಎಂದು ಕರೆಯುತ್ತಿದ್ದ ನೆರೆಯವರು ಒಂದು ದಿನ ‘ಬನ್ನಿ’ ಎನ್ನುತ್ತಾರೆ. ಗೌರವ ದೊರೆಯಿತೆಂದು ಹಿಗ್ಗು, ಸಲುಗೆ ಹೋಯಿತೆಂದು ಕೊರಗು. ಹಬ್ಬಕ್ಕೆ ಹಿರಿಯರು ಕೈಗಿಡುತ್ತಿದ್ದ ನೋಟು ನಿಲ್ಲುತ್ತದೆ. ಮನೆಯ ಸಾಲದ ಮಾತನ್ನು ನಿಮ್ಮೆದುರಿಗೇ ಆಡತೊಡಗುತ್ತಾರೆ. ಎರಡೂ ಒಟ್ಟಿಗೇ ಬರುತ್ತವೆ.

ಈ ಕೊರಗನ್ನು ಹಗುರವಾಗಿ ಕಾಣುವ ಹಿರಿಯರುಂಟು. ಅದಕ್ಕೆ ಕಾರಣವೂ ಉಂಟು. ಕರಾವಳಿಯಿಂದ ಮುಂಬಯಿಗೆ ಬಂದ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದವರು. ಹದಿಹರೆಯವನ್ನು ಬಿಟ್ಟುಬರುವ ದುಃಖ ಅವರಿಗಿರಲಿಲ್ಲ. ಅದು ಅವರ ಕೈಗೆ ಸಿಕ್ಕಿಯೇ ಇರಲಿಲ್ಲ. ಆದರೆ ತಮ್ಮ ಮಕ್ಕಳಿಗಾದರೂ ಅದು ಸಿಗಲೆಂದೇ ಅವರು ದುಡಿದರು. ಇಂದು ನೀವು ಅದಕ್ಕಾಗಿ ಹಂಬಲಿಸುತ್ತಿದ್ದೀರೆಂದರೆ ಆ ದುಡಿಮೆ ಫಲಿಸಿತೆಂದೇ ಅರ್ಥ. ಹಿರಿಯರು ಇದನ್ನು ನೆನೆಯಬೇಕು, ಕಿರಿಯರೂ ಮರೆಯಬಾರದು.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ಆತಂಕವಿದೆ. ನಿಮ್ಮಲ್ಲಿ ಹಲವರಿಗೆ ಕನ್ನಡವೆಂದರೆ ಬಾಲ್ಯದ ಭಾಷೆ. ಊಟದ, ಮುನಿಸಿನ, ಅಜ್ಜಿಯ ಕತೆಯ ಭಾಷೆ. ಕಾಲೇಜು, ಉದ್ಯೋಗ, ಪ್ರೇಮ, ರಾಜಕೀಯ, ಬ್ಯಾಂಕಿನ ವ್ಯವಹಾರ ಇವೆಲ್ಲ ಮರಾಠಿಯಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಡೆಯುತ್ತವೆ. ತುಳು, ಕೊಂಕಣಿ ಮನೆಮಾತಿನವರ ಪಾಡೂ ಇದೇ. ಹೀಗಾಗಿ ದೊಡ್ಡವರಾಗುವುದೆಂದರೆ ಮನೆಮಾತಿನಿಂದ ಹೊರಬೀಳುವುದು ಎಂಬಂತಾಗಿದೆ. ಇಪ್ಪತ್ತೈದರ ಇಂಜಿನಿಯರು ಕನ್ನಡದಲ್ಲಿ ಗಂಭೀರ ವಿಷಯವೊಂದನ್ನು ಎತ್ತಿಕೊಂಡರೆ ಹತ್ತರ ಹುಡುಗನಂತೆ ತಡವರಿಸಿ, ನಾಚಿ, ಇಂಗ್ಲಿಷಿಗೆ ಹೊರಳುತ್ತಾನೆ. ಅದು ತಿರಸ್ಕಾರವಲ್ಲ. ಅವನು ಬೆಳೆದ, ಅವನ ಕನ್ನಡಕ್ಕೆ ಬೆಳೆಯಲು ಎಡೆ ಸಿಗಲಿಲ್ಲ.

ಆ ಎಡೆಯನ್ನು ಒದಗಿಸಬೇಕಾದವು ನಮ್ಮ ಸಂಘಗಳು. ಮಕ್ಕಳನ್ನು ಹದಿನಾರು ಹದಿನೇಳರವರೆಗೆ ವೇದಿಕೆಯ ಮೇಲೆ ಕುಣಿಸುತ್ತೇವೆ, ಬಹುಮಾನ ಕೊಡುತ್ತೇವೆ. ಆಮೇಲೆ ಅವರು ಸಂಸಾರಸ್ಥರಾಗಿ ಮರಳುವವರೆಗೆ ಮರೆತುಬಿಡುತ್ತೇವೆ. ದೇಶದ ಸರಕಾರವನ್ನು ಆರಿಸಲು ಯೋಗ್ಯರಾದವರು ಸಂಘದ ಕಾರ್ಯಕಾರಿ ಸಮಿತಿಯನ್ನು ಆರಿಸಲು ಅಯೋಗ್ಯರೇ? 18 ತುಂಬಿದವರಿಗೆ ಮಹಾಸಭೆಯಲ್ಲಿ ಮತವಿರಲಿ. ಸಭೆಯ ನಡಾವಳಿಯನ್ನು ಅವರಿಂದ ಬರೆಸೋಣ. ಆಯವ್ಯಯವನ್ನು ಅವರು ಪ್ರಶ್ನಿಸಲಿ, ಪತ್ರಿಕೆಯ ಕೆಲವು ಪುಟಗಳನ್ನು ಅವರೇ ಸಂಪಾದಿಸಲಿ. ಕಾಗುಣಿತ ತಪ್ಪಿದರೆ ತಿದ್ದೋಣ, ನಗುವುದು ಬೇಡ.

ಯುವಮಿತ್ರರೇ, ಹಿಂದಿರುಗಿ ನೋಡುವುದು ದೌರ್ಬಲ್ಯವಲ್ಲ. ಹದಿಹರೆಯದ ಗೆಳೆತನ, ಹುಂಬತನ, ಹೊಣೆಯಿಲ್ಲದ ಸಂಜೆಗಳು ಹೋಗಲೇಬೇಕು. ಅವುಗಳಿಗಾಗಿ ತುಸು ಮರುಗಿರಿ. ಆದರೆ ಅವುಗಳೊಡನೆ ಕನ್ನಡವನ್ನೂ ಕಟ್ಟಿಡಬೇಡಿ. ನಿಮ್ಮ ಸಿಟ್ಟನ್ನು, ಸಂಶಯವನ್ನು, ಸಂಬಳದ ಲೆಕ್ಕವನ್ನು ಅದರಲ್ಲಿ ಆಡಿ. ಮುಂದಿನ ಮಹಾಸಭೆಗೆ ಬನ್ನಿ. ಹಿಂದಿನ ಸಾಲಿನಲ್ಲಿ ಕೂರದೆ, ಎದ್ದುನಿಂತು ಪ್ರಶ್ನೆ ಕೇಳಿ. ಉತ್ತರ ಹೇಳುವ ಹೊಣೆ ನಮ್ಮದು.