ಕಿವಿಗೂ ಒಂದು ಮಿತಿ

ಮೊನ್ನೆ ನನ್ನ ಮೊಮ್ಮಗಳು ಪದ್ಯವೊಂದನ್ನು ಓದುತ್ತಾ, “ತಾತ, ಈ ಸಾಲಿಗೆ ಅರ್ಥವೇನು?” ಎಂದು ಕೇಳಿದಳು. “ಹಾಲಿಗೆ ಅರ್ಥವೇನಮ್ಮ, ಹಾಲು ಹಾಲೇ” ಎಂದೆ. ಮನೆಮಂದಿ ನಕ್ಕರು, ನಾನೂ ನಕ್ಕೆ. ಆದರೆ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಸಕಾರವೇ ಕೇಳಿಸದೆ ಹೋದುದು ನಕ್ಕು ಮರೆಯುವ ಸಂಗತಿಯಲ್ಲ.

ಪರೀಕ್ಷಿಸಿದ ವೈದ್ಯರು, ಇದರಲ್ಲಿ ವಯಸ್ಸಿನ ಪಾಲೂ ಉಂಟು, ಸದ್ದಿನ ಪಾಲೂ ಉಂಟು ಎಂದರು. ಸದ್ದಿನ ಮೂಲವನ್ನು ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಕಾಲೇಜಿನ ವಾರ್ಷಿಕೋತ್ಸವ, ರಾಜ್ಯೋತ್ಸವದ ವಾದ್ಯಗೋಷ್ಠಿಗಳಲ್ಲಿ ವರ್ಷವರ್ಷವೂ ಧ್ವನಿವರ್ಧಕದ ಮಗ್ಗುಲಲ್ಲೇ ಕುಳಿತವನು ನಾನು. “ಇನ್ನೂ ಸ್ವಲ್ಪ ಏರಿಸಪ್ಪಾ” ಎಂದು ಮೈಕಿನವನಿಗೆ ಹೇಳಿದವನೂ ನಾನೇ. ರಾತ್ರಿ ಕಿವಿ ಗುಂಯ್‌ಗುಡುತ್ತಿತ್ತು, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತಿತ್ತು. ಅದು ಕಿವಿಯು ಕೊಟ್ಟ ಎಚ್ಚರಿಕೆಯೆಂದು ನಾನು ಅರಿಯಲಿಲ್ಲ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಅಂಗವೊಂದಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳು. ಸದ್ದಿನ ಅಲೆಗೆ ಬಾಗಿ, ಅದನ್ನು ನರಕ್ಕೆ ಮುಟ್ಟಿಸುವುವು ಅವೇ. ಬಳಲಿದರೆ ಅವು ಚೇತರಿಸಿಕೊಂಡಾವು. ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ನಶಿಸುವುವು ಎತ್ತರದ ಶ್ರುತಿಯನ್ನು ಹಿಡಿಯುವ ಕೋಶಗಳು. ಸ್ವರಗಳ ಬಲವೆಲ್ಲ ಹೆಚ್ಚಾಗಿ ತಗ್ಗಿನ ಶ್ರುತಿಯಲ್ಲಿ. ಸ, ಶ ಮೊದಲಾದ ವ್ಯಂಜನಗಳದು ಎತ್ತರದಲ್ಲಿ. ಆದುದರಿಂದಲೇ ನನ್ನಂಥವರಿಗೆ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ.

ಸದ್ದಿನ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಅಮೆರಿಕದ ಕಾರ್ಮಿಕ ಆರೋಗ್ಯ ತಜ್ಞರು 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿದ್ದಾರೆ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ ಮಾತ್ರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಂಗೀತದ ಸಭೆಗಳಿಗೆ ವಿಧಿಸಿದ ಮೇರೆಯೂ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್.

ಹಾಗೆಂದು ಸಂಗೀತವನ್ನೇ ತೊರೆಯಬೇಕೆ? ಬೇಡ. ಧ್ವನಿವರ್ಧಕದಿಂದ ದೂರ ಕುಳಿತರಾಯಿತು. ಮಗ್ಗುಲಿನವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಸದ್ದು ಮಿತಿ ಮೀರಿದೆಯೆಂದೇ ತಿಳಿಯಿರಿ. ನಡುನಡುವೆ ಹೊರಗೆದ್ದು ಬನ್ನಿ. ಹತ್ತಿಯ ಉಂಡೆ ಸಾಲದು. ಔಷಧದಂಗಡಿಯಲ್ಲಿ ದೊರೆಯುವ ಇಯರ್‌ಪ್ಲಗ್ಗನ್ನು ಸರಿಯಾಗಿ ಇಟ್ಟುಕೊಂಡರೆ ಸದ್ದಿನ ಬಿರುಸು ತಗ್ಗುತ್ತದೆ, ಹಾಡು ಉಳಿಯುತ್ತದೆ.

ಈಗ ಮೊಮ್ಮಗಳು ನನ್ನೆದುರಿಗೆ ಕುಳಿತು ನಿಧಾನವಾಗಿ ಓದುತ್ತಾಳೆ. ಅವಳ ತುಟಿಯನ್ನು ನೋಡಿಕೊಂಡು ನಾನು ಅರ್ಥ ಹೇಳುತ್ತೇನೆ. ಓದು ಮುಗಿದೊಡನೆ ಅವಳ ಕಿವಿಗೆ ಇಯರ್‌ಫೋನ್ ಏರುತ್ತದೆ. “ಸದ್ದು ತಗ್ಗಿಸಮ್ಮ” ಎಂದರೆ “ಆಗಲಿ ತಾತ” ಎನ್ನುತ್ತಾಳೆ. ತಗ್ಗಿಸಿದಳೋ ಇಲ್ಲವೋ, ನನಗೆ ಕೇಳಿಸುವುದಿಲ್ಲ.