ಸೈನಿಕನ ಪೊಟ್ಟಣ, ಮಗುವಿನ ಬಟ್ಟಲು



ಮೈಸೂರಿನ ಅಶೋಕಪುರಂನ ಅಂಗಡಿಯಲ್ಲಿ ನೀವೊಂದು ರೆಡಿ ಟು ಈಟ್ ಪೊಟ್ಟಣ ಕೊಂಡ್ಕೊಳ್ತೀರಿ ಅಂತಿಟ್ಕೊಳ್ಳಿ. ಬಿಸಿನೀರಲ್ಲಿ ಐದು ನಿಮಿಷ ಇಟ್ಟರೆ ಊಟ ಸಿದ್ಧ. ಫ್ರಿಜ್ಜೂ ಬೇಡ, ತಿಂಗಳುಗಟ್ಟಲೆ ಕೆಡಲ್ಲ. ಈ ವಿದ್ಯೆ ಎಲ್ಲಿಂದ ಬಂತು?

ಸೇನೆಯಿಂದ! ಅಮೆರಿಕದಲ್ಲಿ ಇದನ್ನು ಬೆಳೆಸಿದ್ದು ಸೇನೆಯ ನೇಟಿಕ್ ಪ್ರಯೋಗಾಲಯ. ನಮ್ಮ ಅಡುಗೆಗೆ ಒಗ್ಗಿಸಿದ್ದು ಅಶೋಕಪುರಂನಿಂದ ಕೆಲವೇ ಕಿಲೋಮೀಟರ್ ದೂರದ ಸಿದ್ದಾರ್ಥನಗರದಲ್ಲಿರೋ ಡಿಎಫ್‌ಆರ್‌ಎಲ್. ಹಿಮದಲ್ಲಿ ನಿಂತ ಯೋಧನಿಗೆ ಊಟ ತಲುಪಿಸಲು 1961ರಲ್ಲಿ ಹುಟ್ಟಿದ ರಕ್ಷಣಾ ಪ್ರಯೋಗಾಲಯ ಇದು. ಇದರ ತಂತ್ರಜ್ಞಾನ ಪಡೆದು ಎಂಟಿಆರ್‌ನಂಥ ಕಂಪನಿಗಳು ಮಾರುಕಟ್ಟೆ ಕಟ್ಟಿದವು. ಸಂತೋಷ. ಮೆಚ್ಚಲೇಬೇಕು.

ಆದರೆ ಒಂದು ಮಾತು. ಯೋಧನ ಪೊಟ್ಟಣ ಹಗುರ ಇರಬೇಕು, ಕೆಡಬಾರದು. ಬೆಲೆ ಆಮೇಲಿನ ಮಾತು. ಕೂಲಿ ಮಾಡೋ ಮನೆಯಲ್ಲಿ ಬೆಲೆಯೇ ಮೊದಲ ಮಾತು. ಆ ಪೊಟ್ಟಣದ ದುಡ್ಡಿಗೆ ಅವರ ಮನೆಗೆ ಒಂದು ಕೆಜಿ ರಾಗಿಹಿಟ್ಟು ಬರುತ್ತೆ ಸ್ವಾಮಿ!

ಅವರಿಗಾಗಿ ಯೋಚಿಸೋ ಸಂಸ್ಥೆಯೂ ಇದೇ ಮೈಸೂರಲ್ಲಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಸಿಎಫ್‌ಟಿಆರ್‌ಐ. ಎಮ್ಮೆ ಹಾಲಿನ ಕೊಬ್ಬು ಎಳೆಗೂಸಿಗೆ ಜೀರ್ಣವಾಗಲ್ಲ ಅಂತ ಜಗತ್ತು ಕೈಚೆಲ್ಲಿದ್ದಾಗ, ಅದೇ ಹಾಲಿನಿಂದ ಶಿಶು ಆಹಾರ ಮಾಡಿ ತೋರಿಸಿದವರು ಇಲ್ಲಿನ ವಿಜ್ಞಾನಿಗಳು. ಅಮುಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಇದು ಯಾವ ಯುದ್ಧದ ಉಪ ಉತ್ಪನ್ನವೂ ಅಲ್ಲ. ಮಗುವನ್ನೇ ಗುರಿಯಾಗಿಟ್ಟು ಮಾಡಿದ ಸಂಶೋಧನೆ.

ಈಗ ಲೆಕ್ಕ ನೋಡಿ. 2025-26ರ ಬಜೆಟ್ಟಿನಲ್ಲಿ ಡಿಆರ್‌ಡಿಒಗೆ ಸುಮಾರು 26,800 ಕೋಟಿ ರೂಪಾಯಿ. ಸಿಎಫ್‌ಟಿಆರ್‌ಐ ಸೇರಿದಂತೆ ದೇಶದ ಸಿಎಸ್‌ಐಆರ್ ಪ್ರಯೋಗಾಲಯಗಳನ್ನೆಲ್ಲ ನೋಡಿಕೊಳ್ಳೋ ಇಲಾಖೆಗೆ ಅದರ ಕಾಲು ಭಾಗದಷ್ಟು. ಸರ್ಕಾರ, ಖಾಸಗಿ ಎಲ್ಲ ಸೇರಿ ದೇಶ ಸಂಶೋಧನೆಗೆ ಹಾಕೋದು ಜಿಡಿಪಿಯ ಶೇ. 0.64 ಮಾತ್ರ. ಬಟ್ಟಲೇ ಚಿಕ್ಕದು, ಅದರಲ್ಲಿ ದೊಡ್ಡ ತುತ್ತು ಒಂದೇ ಕಡೆ ಹೋದರೆ?

ಸೇನೆಗೆ ಕೊಡಬೇಡಿ ಅಂತಿಲ್ಲ. ಗಡಿ ಉಳಿದರೆ ನಾವು. ಆದರೆ "ಸೇನೆಗೆ ಹಾಕಿದ ದುಡ್ಡು ಹೇಗೂ ಜನರಿಗೆ ಬರುತ್ತೆ" ಅನ್ನೋ ಸಮಾಧಾನ ಇದೆಯಲ್ಲ, ಅದನ್ನು ಒಪ್ಪೋಕಾಗಲ್ಲ. ಮದುವೆ ಮನೇಲಿ ಮಿಕ್ಕ ಊಟ ಪಕ್ಕದ ಮನೆಗೂ ಬರುತ್ತೆ, ನಿಜ. ಅದನ್ನೇ ನಂಬಿ ಪಕ್ಕದ ಮನೆಯವರು ಒಲೆ ಹಚ್ಚದೆ ಕೂರೋಕಾಗುತ್ತಾ?

ಅಶೋಕಪುರಂನ ಮಗುವಿನ ಬಟ್ಟಲಿಗೂ ಒಂದು ಸ್ವಂತ ಒಲೆ ಬೇಕು. ಅದಕ್ಕೆ ಸೌದೆ ಹಾಕೋರು ಯಾರು? ಬಜೆಟ್ ಬಂದಾಗ ಈ ಪ್ರಶ್ನೆ ಕೇಳಿ.