ಮನೆಗೊಂದು ಸಾಲು, ಸಂತೆಗೊಂದು ಸಾಲು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ನಿಂಬೆರಸಕ್ಕೆ ಅದ್ದಿದ ಲಿಟ್ಮಸ್ ಕಾಗದ ಕೆಂಪಾದುದನ್ನು ಬೆರಗಿನಿಂದ ನೋಡಿದವಳು ನಾನು. ಈಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಹಣ್ಣು, ತರಕಾರಿ, ಬೇಳೆಗಳಲ್ಲಿ ಉಳಿದ ಕೀಟನಾಶಕವನ್ನು ಅಳೆಯುವ ಕೆಲಸ ಮಾಡುತ್ತಿದ್ದೇನೆ. ನಾವೆಲ್ಲ ‘ಔಷಧಿ’ ಅನ್ನುತ್ತೇವಲ್ಲ, ಅದೇ.

ಕೇಂದ್ರ ಕೃಷಿ ಸಚಿವಾಲಯ 2005-06ರಿಂದ ದೇಶದ ಮಾರುಕಟ್ಟೆ ಮತ್ತು ಹೊಲಗಳಿಂದ ಮಾದರಿ ತರಿಸಿ ಪರೀಕ್ಷೆ ಮಾಡಿಸುತ್ತಿದೆ. ಯಾವ ಬೆಳೆಯಲ್ಲಿ ಯಾವ ಔಷಧಿ ಎಷ್ಟು ಉಳಿಯಬಹುದು ಎಂಬ ಮಿತಿಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಗೊತ್ತುಮಾಡಿದೆ. ಟೊಮೆಟೊದಂಥ ತರಕಾರಿಗೆ ಮಿತಿಯೇ ಗೊತ್ತಾಗಿರದ ಔಷಧಿಯಾದರೆ, ಕಿಲೋಗೆ 0.01 ಮಿಲಿಗ್ರಾಂ ದಾಟುವಂತಿಲ್ಲ. ಹತ್ತು ಟನ್ ಹೊರುವ ಹತ್ತು ಲಾರಿ ಟೊಮೆಟೊದಲ್ಲಿ ಒಂದೇ ಒಂದು ಗ್ರಾಂ! ನಮ್ಮ ಯಂತ್ರಗಳು ಅಷ್ಟನ್ನೂ ಹಿಡಿಯುತ್ತವೆ.

ಹೊರದೇಶದಿಂದ ಬರುವ ಸೇಬು, ಬೇಳೆಗೆ ಬಂದರಿನಲ್ಲೇ ತಡೆ ಇದೆ. ಅಧಿಕಾರಿಗಳು ಕಾಗದಪತ್ರ ನೋಡುತ್ತಾರೆ, ಬೇಕೆನಿಸಿದರೆ ಮಾದರಿ ತೆಗೆಯುತ್ತಾರೆ. ಆಕ್ಷೇಪಣೆ ಇಲ್ಲವೆಂಬ ಪತ್ರ ಸಿಗದೆ ಸರಕು ಹೊರಬರುವುದಿಲ್ಲ. ಆದರೆ ನಮ್ಮೂರಿನ ಟೊಮೆಟೊಗೆ ಅಂಥ ಬಾಗಿಲಿಲ್ಲ. ಬೆಳಿಗ್ಗೆ ಕಿತ್ತದ್ದು ಮಾರನೆಯ ದಿನ ಯಾರದೋ ಸಾರಿನಲ್ಲಿರುತ್ತದೆ. ನಮ್ಮ ವರದಿ ಬರುವ ಹೊತ್ತಿಗೆ ತಿಂದಾಗಿರುತ್ತದೆ.

ಒಮ್ಮೆ ಊರಿಗೆ ಬಂದಾಗ ಅಪ್ಪನ ತೋಟದ ಟೊಮೆಟೊವನ್ನೇ ಒಯ್ದು ಪರೀಕ್ಷಿಸಿದೆ. ಒಂದು ಔಷಧಿ ಮಿತಿ ಮೀರಿತ್ತು. ಫೋನಿನಲ್ಲಿ ಹೇಳಿದರೆ ಅಪ್ಪ ಗಾಬರಿಯಾಗಲಿಲ್ಲ. “ನೀನು ಯಾವ ಸಾಲಿನದು ಕಿತ್ಕೊಂಡು ಹೋದೆ? ಮನೆಗೆ ಅಂತ ಬೋರ್‌ವೆಲ್ ಪಕ್ಕ ಬೇರೆ ಬಿಟ್ಟಿದೀನಲ್ಲಮ್ಮ” ಅಂದರು.

ನನಗೆ ಮಾತು ಹೊರಡಲಿಲ್ಲ. ಆ ಸಂತೆಯ ಸಾಲಿನ ದುಡ್ಡಿನಲ್ಲೇ ನಾನು ಓದಿದ್ದು. ಅಪ್ಪ ಕೆಟ್ಟವರಲ್ಲ. ಅಂಗಡಿಯವನು ಹೇಳಿದಷ್ಟು ಹೊಡೆದರು, ದರ ಏರಿದ್ದ ದಿನ ಕಿತ್ತರು. ಸಾಲ ತೀರಿಸುವ ಆತುರ ಇತ್ತು. ಈ ಸಭೆಯಲ್ಲಿ ಕೂತ ಎಷ್ಟು ಮನೆಗಳಲ್ಲಿ ಅಂಥ ಬೇರೆ ಸಾಲಿದೆ ಎಂದು ನಾನು ಕೇಳುವುದಿಲ್ಲ. ನಿಮಗೇ ಗೊತ್ತು.

ತೊಳೆದರೆ ಮೇಲಿನದು ಸ್ವಲ್ಪ ಹೋಗುತ್ತದೆ. ಗಿಡದೊಳಗೆ ಇಳಿಯುವ ಔಷಧಿ ಹೋಗುವುದಿಲ್ಲ. ಆದ್ದರಿಂದ ಹಿರಿಯರಲ್ಲಿ ನನ್ನದು ಒಂದೇ ಬೇಡಿಕೆ. ಡಬ್ಬಿಯ ಮೇಲೆ ಬಣ್ಣದ ಗುರುತಿದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಜೊತೆಗಿರುವ ಚೀಟಿಯಲ್ಲಿ ಯಾವ ಬೆಳೆಗೆ, ಎಷ್ಟು, ಹೊಡೆದು ಎಷ್ಟು ದಿನ ಬಿಟ್ಟು ಕೀಳಬೇಕು ಎಂದು ಬರೆದಿರುತ್ತದೆ. ಅಕ್ಷರ ಸಣ್ಣದು, ನಿಜ. ಓದಿ ಹೇಳಲು ಈ ಶಾಲೆಯ ಮಕ್ಕಳಿದ್ದಾರೆ. ಮಕ್ಕಳೇ, ಇಂದು ಸಂಜೆಯೇ ಅಪ್ಪನ ಪಕ್ಕ ಕೂತು ಓದಿ.

ಈಗ ನಮ್ಮಪ್ಪ ಹೊಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಬೋರ್‌ವೆಲ್ ಪಕ್ಕದ ಸಾಲು ಇನ್ನೂ ಇದೆ. ಅದು ಬೇಡವಾಗುವ ದಿನ ಬರಲಿ ಎಂದು ಹಾರೈಸುತ್ತೇನೆ.